ಒಂದೇ ರಾಣಿಯ ಮಕ್ಕಳು, ಗುಣ ಮಾತ್ರ ಬೇರೆ ಬೇರೆ: ರಾಣಿ ತಯಾರಾಗುವುದು ಊಟದಿಂದಲೋ, ವಂಶದಿಂದಲೋ?

ತುಡುವೆ ತೋಟ

ಎಲ್ಲರಿಗೂ ನಮಸ್ಕಾರ. ಪುತ್ತೂರಿನ ಕಡೆ ಅಡಿಕೆ ತೋಟದಲ್ಲಿ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನು, ಸಾಕುತ್ತಿದ್ದೇನೆ. ನನ್ನ ಒಂದು ಪೆಟ್ಟಿಗೆಯ ರಾಣಿ ಬಹಳ ಒಳ್ಳೆಯದು. ಮುಚ್ಚಳ ತೆಗೆದರೆ ನೊಣಗಳು ಮೈಮೇಲೆ ಎರಗುವುದಿಲ್ಲ, ಮಳೆಗಾಲದಲ್ಲೂ ಕುಟುಂಬ ಅಷ್ಟಾಗಿ ಕುಗ್ಗುವುದಿಲ್ಲ. ಪಕ್ಕದ ಪೆಟ್ಟಿಗೆಗಳಿಗೆ ಥಾಯಿ ಸ್ಯಾಕ್‌ಬ್ರೂಡ್ ರೋಗ ಬಂದು ಮರಿಗಳು ನೀರು ತುಂಬಿ ಊದಿ ಸತ್ತಾಗಲೂ ಇದು ಪಾರಾಯಿತು. ಹಾಗಾಗಿ ಇದರ ಎರಿಯಿಂದಲೇ ಮರಿ ಎತ್ತಿ, ರಾಣಿ ಇಲ್ಲದ ಪೆಟ್ಟಿಗೆಯಲ್ಲಿಟ್ಟು ಹೊಸ ರಾಣಿಗಳನ್ನು ಮಾಡಿಸಿದೆ.

ಬಂದ ರಾಣಿಗಳ ಸಂಸಾರ ಒಂದೊಂದೂ ಒಂದೊಂದು ತೆರ. ಒಂದು ಶಾಂತ, ಇನ್ನೊಂದರ ಹತ್ತಿರ ಹೊಗೆ ಇಲ್ಲದೆ ಹೋಗುವಂತಿಲ್ಲ, ಮತ್ತೊಂದಕ್ಕೆ ಅದೇ ರೋಗ ತಗಲಿತು. ರಾಜಶಾಹಿ ರಸ (ಕೆಲಸಗಾರ ನೊಣಗಳು ಉಣಿಸುವ ರಾಯಲ್ ಜೆಲ್ಲಿ) ತಿಂದ ಮರಿ ರಾಣಿಯಾಗುತ್ತದೆ ಎಂದು ಶಾಲೆಯಿಂದಲೂ ಓದಿದ್ದೇವೆ. ಹಾಗಾದರೆ ವಂಶವಾಹಿಗಳಿಗೆ ಇಲ್ಲಿ ಕೆಲಸವೇ ಇಲ್ಲವೇ? ಯಾವ ಮರಿ ರಾಣಿಯಾಗಬೇಕೆಂದು ನೊಣಗಳು ಕುಲಗೋತ್ರ ನೋಡಿ ಆರಿಸುತ್ತವೆಯೇ?

ಹಳೇ ಪೆಟ್ಟಿಗೆ

ವಂಶವಾಹಿ ಗಿಂಶವಾಹಿ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕೆಲಸಗಾರ ನೊಣವಾಗಬೇಕಿದ್ದ ಮರಿಯಿಂದಲೇ ರಾಣಿ ತಯಾರಾಗುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲೇ ಜರ್ಮನಿಯ ಶಿರಾಕ್ ಎಂಬ ಪಾದ್ರಿ ತೋರಿಸಿದ್ದಾನೆ. ರಾಣಿ ಸತ್ತರೆ ನೊಣಗಳು ಎರಿಯ ನಡುವಿನ ಸಾಮಾನ್ಯ ಕೋಶವನ್ನೇ ಹಿಗ್ಗಿಸಿ, ಕೆಳಮುಖವಾಗಿ ಬಗ್ಗಿಸಿ, ರಸ ತುಂಬುತ್ತವೆ. ಹದಿನಾರನೆಯ ದಿನದ ಹೊತ್ತಿಗೆ ರಾಣಿ ಹೊರಗೆ. ಪಕ್ಕದ ಕೋಶದಲ್ಲಿದ್ದ ತಂಗಿ ಕೆಲಸಗಾರಳಾಗಿ ಮತ್ತೂ ನಾಲ್ಕೈದು ದಿನ ತಡವಾಗಿ ಬರುತ್ತಾಳೆ.

ನಿಮ್ಮ ತೊಂದರೆ ಬೇರೆ ಇರಬೇಕು. ಎತ್ತಿದ ಮರಿಯ ವಯಸ್ಸೆಷ್ಟು? ಮೊಟ್ಟೆಯೊಡೆದು ಒಂದು ದಿನ ಕಳೆಯದ ಮರಿಯಾಗಬೇಕು. ಮೂರು ದಿನ ದಾಟಿದ್ದನ್ನು ಎತ್ತಿದರೆ ರಾಣಿಯೂ ಅಲ್ಲದ, ಕೆಲಸಗಾರಳೂ ಅಲ್ಲದ ಎಡಬಿಡಂಗಿ ಬರುತ್ತದೆ. ಹಳೆಯ ಮರಿಯಿಂದ ಮಾಡಿದ ರಾಣಿಗೆ ಅಂಡಾಶಯದಲ್ಲಿ ಮೊಟ್ಟೆ ತಯಾರಾಗುವ ಅಂಡನಾಳಗಳೂ ಕಡಿಮೆ, ವೀರ್ಯ ಕೂಡಿಡುವ ಚೀಲವೂ ಚಿಕ್ಕದು.

ಕಡಜದ ಗೂಡು

ಹಳೇ ಪೆಟ್ಟಿಗೆಯವರು ಮರಿಯ ವಯಸ್ಸಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಆದರೆ ವಂಶವಾಹಿಗಳನ್ನು ಅಷ್ಟು ಸುಲಭವಾಗಿ ಅಂಗಳಕ್ಕೆ ಎಸೆಯುವಂತಿಲ್ಲ. ನಾನು ಬೆಂಗಳೂರಿನಲ್ಲಿ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಕ್ಷಮೆಯಿರಲಿ.

ಜೇನಿನಲ್ಲಿ ರಾಣಿಗೂ ಕೆಲಸಗಾರ ನೊಣಕ್ಕೂ ಮೊಟ್ಟೆ ಒಂದೇ ಬಗೆಯದು, ಫಲಿತ ಮೊಟ್ಟೆ. ಫಲಿತವಾಗದ ಮೊಟ್ಟೆ ಗಂಡಾಗುತ್ತದೆ. ಹೆಣ್ಣು ಮರಿಗಳಲ್ಲಿ ದಾರಿ ಕವಲೊಡೆಯುವುದು ಊಟದಿಂದ. ಎಲ್ಲ ಮರಿಗಳಿಗೂ ಮೊದಲ ಮೂರು ದಿನ ಒಂದೇ ರಸ, ಆಮೇಲೆ ಕೆಲಸಗಾರ ಮರಿಗೆ ಮಾತ್ರ ಪರಾಗ ಮತ್ತು ಜೇನು ಎಂದು ಪಠ್ಯಪುಸ್ತಕಗಳು ಹೇಳುವುದು ಪೂರ್ತಿ ಸರಿಯಲ್ಲ. ಆರಂಭದಿಂದಲೇ ಎರಡು ಊಟಗಳಲ್ಲಿ ವ್ಯತ್ಯಾಸವಿದೆ. ರಾಣಿ ಮರಿಗೆ ಸಿಗುವ ರಸದಲ್ಲಿ ಸಕ್ಕರೆ ಹೆಚ್ಚು, ಅದು ಸಿಗುವ ಪ್ರಮಾಣವಂತೂ ಮಿತಿಯಿಲ್ಲದ್ದು. ಮರಿ ಸಿಹಿಯ ಆಸೆಗೆ ಹೆಚ್ಚು ತಿನ್ನುತ್ತದೆ. ದೇಹದಲ್ಲಿ ಇನ್ಸುಲಿನ್‌ಗೆ ಸಂಬಂಧಿಸಿದ ಸಂಕೇತಗಳು ಜೋರಾಗುತ್ತವೆ, ಕೀಟದ ಬೆಳವಣಿಗೆಯನ್ನು ನಿಯಂತ್ರಿಸುವ ಜುವೆನೈಲ್ ಹಾರ್ಮೋನ್ ಏರುತ್ತದೆ, ಅಂಡಾಶಯ ಬೆಳೆಯುತ್ತದೆ. ಯುರೋಪಿನ ಜೇನಿನ ರಾಣಿಗೆ ಪ್ರತಿ ಅಂಡಾಶಯದಲ್ಲೂ ನೂರೈವತ್ತರ ಆಸುಪಾಸು ಅಂಡನಾಳಗಳು. ಅದೇ ಊಟ ಸಿಗದ ತಂಗಿಗೆ ಬೆರಳೆಣಿಕೆಯಷ್ಟು.

2008ರಲ್ಲಿ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ರಿಶಾರ್ಡ್ ಮಲೆಶ್ಕಾ ಅವರ ತಂಡ ಒಂದು ಪ್ರಯೋಗ ಮಾಡಿತು. ಡಿಎನ್‌ಎ ಮೇಲೆ ಮೀಥೈಲ್ ಗುರುತುಗಳನ್ನು (ವಂಶವಾಹಿಗಳ ಕೆಲಸವನ್ನು ಪ್ರಭಾವಿಸುವ ರಾಸಾಯನಿಕ ಗುರುತುಗಳು) ಅಂಟಿಸುವ ಒಂದು ಕಿಣ್ವವಿದೆ, ಹೆಸರು ಡಿಎನ್‌ಎಂಟಿ-3. ಆಗತಾನೇ ಮೊಟ್ಟೆಯೊಡೆದ ಮರಿಗಳಲ್ಲಿ ಅದನ್ನು ತಯಾರಿಸುವ ವಂಶವಾಹಿಯ ಬಾಯಿ ಕಟ್ಟಿದರು. ಹೆಚ್ಚುಕಡಿಮೆ ಮುಕ್ಕಾಲು ಪಾಲು ಮರಿಗಳು ಪೂರ್ಣ ಅಂಡಾಶಯವಿರುವ ರಾಣಿಗಳಾಗಿ ಹೊರಬಂದವು! ಊಟ ಬದಲಾಗಿರಲಿಲ್ಲ. ಊಟದ ಸುದ್ದಿಯನ್ನು ಒಳಗೆ ಓದುವ ಯಂತ್ರವನ್ನಷ್ಟೇ ಮುಟ್ಟಿದ್ದು. ಆ ಯಂತ್ರ ವಂಶದಿಂದಲೇ ಬರಬೇಕಲ್ಲವೇ? ಯಂತ್ರದಲ್ಲಿ ಮನೆತನದಿಂದ ಮನೆತನಕ್ಕೆ ಸಣ್ಣಪುಟ್ಟ ಭೇದ ಇದ್ದರೆ, ಅದೇ ಊಟಕ್ಕೆ ಒಂದು ಮರಿ ರಾಣಿಯಾಗುವತ್ತ ವಾಲಬಹುದು, ಇನ್ನೊಂದು ವಾಲದಿರಬಹುದು.

ಹಳೇ ಪೆಟ್ಟಿಗೆ

ಒಂದೇ ಒಲೆಯ ಮೇಲಿಟ್ಟರೂ ತೆಳ್ಳಗಿನ ಪಾತ್ರೆ ಬೇಗ ಕಾಯುತ್ತದೆ ಎನ್ನುತ್ತೀರಿ. ಸರಿ, ಒಪ್ಪೋಣ. ಆದರೆ ರಾಣಿ ಕೋಶದಲ್ಲಿ ಉರಿ ಎಷ್ಟು ಜೋರು ಎಂದರೆ ದಪ್ಪ ಪಾತ್ರೆಯೂ ಕಾದೇ ಕಾಯುತ್ತದೆ. ಸಾಕುವವನಿಗೆ ಅಷ್ಟು ಸಾಕು.

ಅನುಮಾನಪ್ಪ

ರಸದಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ, ರಾಣಿ ಮಾಡುವುದು ಅದೊಂದೇ ಎಂದು ಪತ್ರಿಕೆಯಲ್ಲಿ ಬಂದಿತ್ತಲ್ಲ? ಅದನ್ನು ತೋರಿಸಿಯೇ ಅಂಗಡಿಗಳಲ್ಲಿ ರಾಜಶಾಹಿ ರಸದ ಮಾತ್ರೆ ಮಾರುತ್ತಾರೆ. ಮನುಷ್ಯರು ತಿಂದು ಯಾರೂ ರಾಣಿಯಾದದ್ದನ್ನು ನಾನು ನೋಡಿಲ್ಲ.

ಕಡಜದ ಗೂಡು

ನೀವು ಹೇಳುವುದು ರಾಯಲಾಕ್ಟಿನ್ ಕಥೆ. 2011ರಲ್ಲಿ ಜಪಾನಿನ ಕಮಾಕುರ ಅವರು, ರಾಜಶಾಹಿ ರಸದ ಒಂದು ಪ್ರೋಟೀನೇ ರಾಣಿಯನ್ನು ಮಾಡುತ್ತದೆ, ಹಣ್ಣುನೊಣಕ್ಕೆ ತಿನ್ನಿಸಿದರೆ ಅದೂ ದೊಡ್ಡದಾಗುತ್ತದೆ ಎಂದು ಪ್ರಕಟಿಸಿದರು. 2016ರಲ್ಲಿ ಜರ್ಮನಿಯ ಆನ್ಯಾ ಬುಟ್‌ಸ್ಟೆಟ್ ಮತ್ತು ಸಂಗಡಿಗರು ಅದೇ ಪ್ರೋಟೀನನ್ನು ತೆಗೆದ ರಸದಲ್ಲೂ ರಾಣಿಗಳನ್ನು ಬೆಳೆಸಿ, ಹಾಗೇನೂ ಇಲ್ಲ ಎಂದರು. ಆ ಪ್ರೋಟೀನಿಗೆ ಬೇರೆಯೇ ಕೆಲಸವಿದೆ, ಅದು ನನಗೆ ರಾಯಲಾಕ್ಟಿನ್‌ಗಿಂತ ಹೆಚ್ಚು ಇಷ್ಟವಾದ ಸಂಗತಿ. ರಾಣಿ ಕೋಶ ತಲೆಕೆಳಗಾಗಿ ನೇತಾಡುತ್ತದೆ, ಬಾಯಿ ಕೆಳಕ್ಕೆ. ಮರಿ ಬೀಳದೆ ಇರುವುದು ರಸದ ಅಂಟಿನಿಂದ. ರಸ ಹುಳಿಯಾಗಿರುವುದರಿಂದ ಈ ಪ್ರೋಟೀನ್ ಎಳೆಎಳೆಯಾಗಿ ಹೆಣೆದುಕೊಂಡು ಗಟ್ಟಿಯಾಗುತ್ತದೆ, ಮರಿ ಅದಕ್ಕೆ ಅಂಟಿಕೊಂಡೇ ಊಟ ಮಾಡುತ್ತದೆ. ಹುಳಿ ಕಡಿಮೆ ಮಾಡಿದರೆ ರಸ ತೆಳುವಾಗಿ ಮರಿ ಜಾರಿ ಬೀಳುತ್ತದೆ.

ಇನ್ನು 2020ರಲ್ಲಿ ಅಮೆರಿಕದ ನಾರ್ತ್ ಡಕೋಟಾದ ಒಂದು ತಂಡ, ರಸದ ಗುಣಕ್ಕಿಂತ ಮರಿಗೆ ಸಿಗುವ ಒಟ್ಟು ಪ್ರಮಾಣವೇ ಮುಖ್ಯ ಎಂದು ತೋರಿಸಿತು. ಮಾಂತ್ರಿಕ ಮದ್ದು ಯಾವುದೂ ಇಲ್ಲ ಎಂಬ ಕಡೆಗೇ ನನ್ನ ಒಲವು. ಮಾತ್ರೆಯ ವಿಷಯದಲ್ಲಿ ನಿಮ್ಮ ಅನುಮಾನ ನನ್ನದೂ ಹೌದು.

ನಿರ್ವಾಹಕರು

ಈ ಎಳೆಯಲ್ಲಿ ರಾಣಿ ಮಾರಾಟದ ಜಾಹೀರಾತನ್ನು ತೆಗೆದಿದ್ದೇನೆ. ಮಾರಾಟಕ್ಕೆ ಬೇರೆ ವಿಭಾಗವಿದೆ. ಚರ್ಚೆ ಮುಂದುವರಿಯಲಿ.

ಮುಜಂಟಿ ಮನೆ

ನಮ್ಮ ಮನೆಯ ಗೋಡೆಯ ಮುಜಂಟಿಯಲ್ಲಿ, ಅಂದರೆ ಘಟ್ಟದ ಮೇಲಿನವರ ಮಿಸರಿಯಲ್ಲಿ, ರಾಣಿ ಕೋಶ ಉಳಿದವುಗಳಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಮೊಟ್ಟೆ ಇಡುವ ಮೊದಲೇ ಊಟ ತುಂಬಿಸಿ, ಮೊಟ್ಟೆ ಇಟ್ಟ ಕೂಡಲೇ ಬಾಯಿ ಮುಚ್ಚಿಬಿಡುತ್ತವೆ, ಆಮೇಲೆ ಯಾರೂ ಇಣುಕುವುದಿಲ್ಲ. ದೊಡ್ಡ ಕೋಶದಲ್ಲಿ ಹೆಚ್ಚು ಊಟ, ಹಾಗಾಗಿ ರಾಣಿ. ಇಲ್ಲಿಯೂ ಊಟದ್ದೇ ಲೆಕ್ಕ ಅಲ್ಲವೇ?

ಕಡಜದ ಗೂಡು

ಮುಜಂಟಿಯಲ್ಲಿ ಹೌದು. ಆದರೆ ಅದರ ದಾಯಾದಿಗಳ ಕಥೆ ಕೇಳಿ. ಅಮೆರಿಕ ಖಂಡದ ಬಿಸಿ ನಾಡುಗಳಲ್ಲಿ, ಅದರಲ್ಲೂ ಬ್ರೆಜಿಲ್‌ನಲ್ಲಿ ಹೆಚ್ಚಾಗಿ, ಮೆಲಿಪೋನಾ ಎಂಬ ಚುಚ್ಚದ ಜೇನುಗಳಿವೆ. ಅವುಗಳಲ್ಲಿ ರಾಣಿಗೆ ಪ್ರತ್ಯೇಕ ಕೋಶವೇ ಇಲ್ಲ. ಎಲ್ಲ ಕೋಶಗಳೂ ಒಂದೇ ಅಳತೆ, ಮುಚ್ಚಿದ ಮೇಲೆ ತುತ್ತು ಸೇರಿಸುವ ಪ್ರಶ್ನೆಯೂ ಇಲ್ಲ. ಹೀಗಿದ್ದೂ ಹುಟ್ಟುವ ಹೆಣ್ಣುಗಳಲ್ಲಿ ನಾಲ್ಕರಲ್ಲೊಂದರಷ್ಟು ರಾಣಿಯಾಗಬಹುದು. ಬ್ರೆಜಿಲ್‌ನ ತಳಿವಿಜ್ಞಾನಿ ವಾರ್ವಿಕ್ ಕೆರ್ 1950ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು: ಎರಡು ವಂಶವಾಹಿ ತಾಣಗಳು, ಎರಡರಲ್ಲೂ ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ ಬಂದಿದ್ದರೆ ರಾಣಿ, ಇಲ್ಲದಿದ್ದರೆ ಕೆಲಸಗಾರಳು. ಶೇಕಡ 25 ಸರಿಯಾಗಿ ಬರುತ್ತದೆ. ಊಟ ತೀರಾ ಕಡಿಮೆಯಾದರೆ ರಾಣಿಯಾಗಬೇಕಿದ್ದವಳೂ ಕೆಲಸಗಾರಳಾಗುತ್ತಾಳೆ ಎಂದೂ ಅವರು ಸೇರಿಸಿದ್ದರು.

ಇಷ್ಟೊಂದು ರಾಣಿಯರನ್ನು ಕಟ್ಟಿಕೊಂಡು ಗೂಡು ಏನು ಮಾಡಬೇಕು? ಹೊರಬಂದ ಹಾಗೆಯೇ ಕೆಲಸಗಾರರು ಕಚ್ಚಿ ಕೊಲ್ಲುತ್ತಾರೆ. ಇದನ್ನು ನೋಡಿ ವೆನ್ಸೆಲೀರ್ಸ್ ಮತ್ತು ರಾಟ್ನಿಕ್ಸ್ ಎಂಬ ಸಂಶೋಧಕರು ಬೇರೆ ವಿವರಣೆ ಕೊಟ್ಟಿದ್ದಾರೆ: ಕೋಶದೊಳಗಿರುವ ಮರಿಯನ್ನು ತಡೆಯುವವರು ಯಾರೂ ಇಲ್ಲ, ಹಾಗಾಗಿ ಪ್ರತಿ ಮರಿಗೂ ರಾಣಿಯಾಗಿಬಿಡುವ ಸ್ವಾರ್ಥ ಇರುತ್ತದೆ, ಅದರ ಬೆಲೆಯನ್ನು ಗೂಡು ತೆರುತ್ತದೆ. ಕೆರ್ ಲೆಕ್ಕವೋ, ಸ್ವಾರ್ಥದ ಲೆಕ್ಕವೋ ಎಂಬ ವಾದ ಹಳೆಯದು. ಎರಡೂ ಸೇರಿ ನಡೆಯುತ್ತಿರಬಹುದು ಎಂಬುದು ನನ್ನ ಅನಿಸಿಕೆ.

ಅಂದ ಹಾಗೆ, 1956ರಲ್ಲಿ ಆಫ್ರಿಕಾದ ಜೇನನ್ನು ಬ್ರೆಜಿಲ್‌ಗೆ ತಂದವರೂ ಇದೇ ಕೆರ್. ಮರುವರ್ಷ ಅವು ತಪ್ಪಿಸಿಕೊಂಡು ಎರಡು ಅಮೆರಿಕಗಳನ್ನೂ ನಡುಗಿಸಿದವು.

ಟೂಸಾನ್ ಕನ್ನಡತಿ

ನಾನಿರುವ ಅರಿಝೋನಾದಲ್ಲಿ ಬೇಸಿಗೆಯ ಮಳೆ ಬಿದ್ದ ಮರುದಿನ ಬೀಜ ಕೂಡಿಡುವ ಕೆಂಪು ಇರುವೆಗಳು ರೆಕ್ಕೆ ಕಟ್ಟಿಕೊಂಡು ಹೊರಡುತ್ತವೆ. ಗೂಡಿನ ಸುತ್ತ ಒಂದು ಹುಲ್ಲುಕಡ್ಡಿ ಬಿಡದೆ ಕಿತ್ತು, ಸಣ್ಣ ಜಲ್ಲಿ ಹಾಸಿ ಅಂಗಳ ಮಾಡಿರುತ್ತವೆ. ವಿಶ್ವವಿದ್ಯಾಲಯದ ಒಂದು ಸಾರ್ವಜನಿಕ ಉಪನ್ಯಾಸದಲ್ಲಿ ಇವುಗಳ ಬಗ್ಗೆ ಕೇಳಿದ್ದನ್ನು ಹೇಳದಿರಲಾರೆ.

ಪೊಗೊನೊಮಿರ್ಮೆಕ್ಸ್ ಎಂಬ ಈ ಜಾತಿಯ ಇರುವೆಗಳಲ್ಲಿ, ನ್ಯೂ ಮೆಕ್ಸಿಕೋ ಗಡಿಯ ಕಡೆ, ಜೋಡಿಯಾಗಿ ಬದುಕುವ ವಂಶಗಳಿವೆ. ಒಂದನ್ನು ಬಿಳಿ ವಂಶ, ಇನ್ನೊಂದನ್ನು ಕರಿ ವಂಶ ಎನ್ನೋಣ (ಬಣ್ಣ ನಾನು ಕೊಟ್ಟದ್ದು, ನೋಡಲು ಒಂದೇ ತರಹ). ಬಿಳಿ ರಾಣಿ ಬಿಳಿ ಗಂಡಿನಿಂದ ಪಡೆದ ಮಗಳು ರಾಣಿ. ಅದೇ ರಾಣಿ ಕರಿ ಗಂಡಿನಿಂದ ಪಡೆದ ಮಗಳು ಕೆಲಸಗಾರಳು. ಬಹುಮಟ್ಟಿಗೆ ಮೊಟ್ಟೆಯಲ್ಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ರಾಣಿ ಎರಡೂ ವಂಶದ ಗಂಡುಗಳ ಜೊತೆ ಕೂಡಲೇಬೇಕು. ತನ್ನ ವಂಶದವರನ್ನು ಮಾತ್ರ ಕೂಡಿದರೆ ದುಡಿಯುವವರಿಲ್ಲದೆ ಗೂಡು ನಿಲ್ಲುವುದಿಲ್ಲ, ಇನ್ನೊಂದು ವಂಶದವರನ್ನು ಮಾತ್ರ ಕೂಡಿದರೆ ಗೂಡು ಬೆಳೆದರೂ ಮುಂದಿನ ರಾಣಿಯರಿಲ್ಲ. 2002ರಲ್ಲಿ ಇದು ಬೆಳಕಿಗೆ ಬಂತು. ಸ್ಟ್ಯಾನ್‌ಫರ್ಡ್‌ನ ಡೆಬೊರಾ ಗಾರ್ಡನ್ ಅವರ ಪ್ರಯೋಗಾಲಯವೂ ಅದನ್ನು ಕಂಡವರಲ್ಲಿ ಒಂದು.

ಅನುಮಾನಪ್ಪ

ಸ್ವಲ್ಪ ತಾಳಿ ಟೂಸಾನ್ ಅಕ್ಕ, ಬಿಳಿ ಗಂಡಿಗೂ ಕರಿ ಗಂಡಿಗೂ ವ್ಯತ್ಯಾಸ ತಿಳಿಯದಿದ್ದರೆ ಕರಿ ಗಂಡಿಗೆ ಬಿಳಿ ರಾಣಿಯಿಂದ ಏನು ಲಾಭ? ಅವನ ಮಕ್ಕಳೆಲ್ಲ ದುಡಿಯುವವರು, ಮೊಮ್ಮಕ್ಕಳೇ ಇಲ್ಲ.

ಟೂಸಾನ್ ಕನ್ನಡತಿ

ಲಾಭ ಸೊನ್ನೆ! ಆದರೆ ಸಾವಿರಾರು ಗಂಡುಗಳ ಗುಂಪಿನಲ್ಲಿ ಗುರುತು ಹಿಡಿಯಲು ಸಮಯವೆಲ್ಲಿದೆ? ಕೂಡಿದ ಮೇಲೆ ಗಂಡು ಹೇಗೂ ಸಾಯುತ್ತಾನೆ. ಬಿಳಿ ರಾಣಿಗೆ ಕರಿ ಗಂಡು ಬೇಕಾದಷ್ಟೇ ಕರಿ ರಾಣಿಗೂ ಬಿಳಿ ಗಂಡು ಬೇಕು, ಹಾಗಾಗಿ ಎರಡು ವಂಶಗಳೂ ಪರಸ್ಪರ ಬಿಟ್ಟು ಬದುಕುವಂತಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಯುರೋಪಿನ ಮೆಸ್ಸರ್ ಐಬೆರಿಕಸ್ ಇರುವೆಯ ರಾಣಿಗೆ ಕೆಲಸಗಾರರನ್ನು ಹುಟ್ಟಿಸಲು ಮೆಸ್ಸರ್ ಸ್ಟ್ರಕ್ಟರ್ ಎಂಬ ಬೇರೆ ಜಾತಿಯ ಗಂಡಿನ ವೀರ್ಯ ಬೇಕು. ಸುತ್ತಮುತ್ತ ಆ ಜಾತಿಯೇ ಇಲ್ಲದ ಕಡೆಯೂ ಗೂಡುಗಳು ಸೊಗಸಾಗಿ ನಡೆಯುತ್ತಿದ್ದವು. ಹುಡುಕಿದರೆ, ಆ ಬೇರೆ ಜಾತಿಯ ಗಂಡುಗಳನ್ನೂ ರಾಣಿಯೇ ಹೆರುತ್ತಿದ್ದಾಳೆ, ಕೂಡಿಟ್ಟ ವೀರ್ಯದ ತದ್ರೂಪಾಗಿ!

ಸಾಗರದ ಮೇಷ್ಟ್ರು

ದೂರದ ಇರುವೆಗಳ ನಡುವೆ ನಮ್ಮೂರಿನವುಗಳನ್ನು ಮರೆಯಬೇಡಿ. ಜೋಗದ ಆಸುಪಾಸಿನ ಕಾಡಿನ ನೆಲದಲ್ಲಿ ಜಿಗಿಯುವ ಇರುವೆ ಇದೆ, ಹಾರ್ಪೆಗ್ನಾಥೊಸ್ ಸಾಲ್ಟೇಟರ್. ಉದ್ದನೆಯ ಇಕ್ಕಳದಂಥ ದವಡೆ, ಮುಖದ ತುಂಬ ಕಣ್ಣು, ತಟ್ಟನೆ ನೆಗೆದು ಬೇಟೆ ಹಿಡಿಯುತ್ತದೆ. ಇಲ್ಲಿಂದ ಒಯ್ದ ಗೂಡುಗಳ ಮೇಲೆ ಜರ್ಮನಿ ಮತ್ತು ಅಮೆರಿಕದ ಪ್ರಯೋಗಾಲಯಗಳು ವರ್ಷಗಟ್ಟಲೆ ಕೆಲಸ ಮಾಡಿವೆ, 2010ರಲ್ಲಿ ಇದರ ಜೀನೋಮ್ (ಪೂರ್ತಿ ಡಿಎನ್‌ಎ ಬರಹ) ಕೂಡ ಓದಿದರು.

ಇದರಲ್ಲಿ ರಾಣಿ ಸತ್ತರೆ ಕೆಲಸಗಾರ ಇರುವೆಗಳು ಎದುರುಬದುರು ನಿಂತು ಮೀಸೆಯಲ್ಲಿ ಬಡಿದಾಡುತ್ತವೆ. ವಾರಗಟ್ಟಲೆ ನಡೆಯುವ ಈ ಪಂದ್ಯದಲ್ಲಿ ಗೆದ್ದ ಕೆಲವು, ಮೊಟ್ಟೆ ಇಡಲು ತೊಡಗುತ್ತವೆ. ಏಳು ತಿಂಗಳಿದ್ದ ಆಯುಷ್ಯ ನಾಲ್ಕು ವರ್ಷಕ್ಕೆ ಏರುತ್ತದೆ, ಮಿದುಳು ಕುಗ್ಗುತ್ತದೆ. ಪಟ್ಟದಿಂದ ಇಳಿಸಿದರೆ ಮಿದುಳು ಮತ್ತೆ ಬೆಳೆಯುತ್ತದೆ. ಬದಲಾದದ್ದು ವಂಶವಾಹಿಯಲ್ಲ, ಯಾವುದು ಕೆಲಸ ಮಾಡುತ್ತಿದೆ ಎಂಬುದು ಮಾತ್ರ.

ಕಡಜಗಳ ವಿಷಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರ ಕೆಲಸ ಎಲ್ಲರಿಗೂ ಗೊತ್ತಿರಬೇಕು. ರೋಪಲಿಡಿಯಾ ಮಾರ್ಜಿನೇಟಾ ಎಂಬ ಕಡಜದಲ್ಲಿ ರಾಣಿಗೂ ಉಳಿದವರಿಗೂ ನೋಡಲು ವ್ಯತ್ಯಾಸವಿಲ್ಲ. ರಾಣಿಯನ್ನು ತೆಗೆದರೆ ನಿಮಿಷಗಳಲ್ಲೇ ಒಂದು ಕಡಜ ವಿಪರೀತ ಜಗಳಗಂಟಿಯಾಗುತ್ತದೆ, ಅದೇ ಮುಂದಿನ ರಾಣಿ. ವಯಸ್ಸು, ಜಗಳದ ಮೇಲ್ಗೈ, ರಾಣಿಯೊಂದಿಗಿನ ನಂಟು, ಇವು ಯಾವುದರಿಂದಲೂ ಮುಂಚಿತವಾಗಿ ನಮಗೆ ಊಹಿಸಲಾಗುವುದಿಲ್ಲ. ಆದರೆ ಕಡಜಗಳಿಗೆ ಗೊತ್ತಿದ್ದಂತಿದೆ, ಬೇರೆ ಯಾರೂ ಆ ಉತ್ತರಾಧಿಕಾರಿಯ ಜೊತೆ ತಕರಾರು ಮಾಡುವುದಿಲ್ಲ.

ತುಡುವೆ ತೋಟ

ಎಲ್ಲ ಸ್ವಾರಸ್ಯಕರವಾಗಿದೆ, ಆದರೆ ನನ್ನ ಪೆಟ್ಟಿಗೆ ಪುತ್ತೂರಿನಲ್ಲಿದೆ. ಕಡಜದ ಗೂಡು ಮೇಡಂ, ಜೇನಿನಲ್ಲಿ ಕುಲ ನೋಡಿ ಆರಿಸುವುದು ಇದೆಯೋ ಇಲ್ಲವೋ?

ಕಡಜದ ಗೂಡು

ಪೂರ್ತಿ ಇಲ್ಲ ಎನ್ನಲಾಗದು. ರಾಣಿ ಹತ್ತಾರು ಗಂಡುಗಳ ಜೊತೆ ಕೂಡುವುದರಿಂದ ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ತಂದೆಯರ ಮಕ್ಕಳ ಉಪಕುಟುಂಬಗಳಿರುತ್ತವೆ. ಜರ್ಮನಿಯ ರಾಬಿನ್ ಮೊರಿಟ್ಸ್ ಮತ್ತು ಸಂಗಡಿಗರು 2005ರಲ್ಲಿ, ರಾಣಿ ಕಳೆದುಕೊಂಡ ಪೆಟ್ಟಿಗೆಗಳು ತುರ್ತಾಗಿ ಬೆಳೆಸುವ ರಾಣಿಗಳನ್ನು ಪರೀಕ್ಷಿಸಿದರು. ಕೆಲಸಗಾರರಲ್ಲಿ ತೀರಾ ವಿರಳವಾಗಿ ಕಾಣುವ ಕೆಲವು ತಂದೆಯರ ಹೆಣ್ಣುಗಳೇ ರಾಣಿಯರಲ್ಲಿ ಎದ್ದು ಕಂಡವು. 2018ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ವಿದ್ರೋ ಮತ್ತು ಟಾರ್ಪಿ ಅವರಿಗೂ ಅಂಥದ್ದೇ ಸಿಕ್ಕಿತು. ಪನಾಮಾದ ಎಲೆ ಕತ್ತರಿಸುವ ಇರುವೆಗಳಲ್ಲೂ ಹೀಗೆ ರಾಣಿಯಾಗುವತ್ತ ವಾಲಿದ ತಂದೆಯ ವಂಶಗಳಿವೆ, ಅವೂ ಪ್ರತಿ ಗೂಡಿನಲ್ಲಿ ವಿರಳವೇ. ಹೆಚ್ಚಾದರೆ ಗೂಡು ಅವುಗಳ ವಂಚನೆಯನ್ನು ತಾಳಲಾರದು. ಆದರೆ ನೊಣಗಳು ತಮ್ಮ ಸ್ವಂತ ತಂದೆಯ ತಂಗಿಯನ್ನೇ ಗುರುತಿಸಿ ಆರಿಸುತ್ತವೆ ಎಂಬ ಹಳೆಯ ಊಹೆಗೆ ಗಟ್ಟಿ ಆಧಾರ ಸಿಕ್ಕಿಲ್ಲ. ವಾಲುವುದು ಮರಿ, ಆರಿಸುವುದು ನಂಟಸ್ತಿಕೆಯಲ್ಲ.

ವಾಲುವಿಕೆ ಮಿತಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್ ಜೇನು ಸಾಕ್ಷಿ. ಅಲ್ಲಿ ಕೆಲಸಗಾರ ನೊಣ ಗಂಡನ್ನು ಕೂಡದೆಯೇ ಹೆಣ್ಣು ಮರಿಗಳನ್ನು ಹೆರಬಲ್ಲದು. 1990ರಲ್ಲಿ ಸಾಕಣೆಗಾರರು ಅವುಗಳನ್ನು ಉತ್ತರಕ್ಕೆ, ಬೇರೆ ತಳಿಯ ನಾಡಿಗೆ ಒಯ್ದರು. ಒಂದೇ ಒಂದು ನೊಣದ ತದ್ರೂಪು ಸಂತತಿ ಅಲ್ಲಿನ ಪೆಟ್ಟಿಗೆಗಳಿಗೆ ನುಗ್ಗಿ, ರಾಣಿಯ ಸೋಗು ಹಾಕಿ, ಕುಟುಂಬಗಳನ್ನು ಸಾಲುಸಾಲಾಗಿ ಮುಗಿಸಿತು. ಆ ಗುಣದ ಹಿಂದಿರುವ ವಂಶವಾಹಿ ಯಾವುದೆಂದು ಪ್ರಯೋಗಾಲಯಗಳು ಈಗಲೂ ಕಿತ್ತಾಡುತ್ತಿವೆ.

ನಿಮ್ಮ ಪೆಟ್ಟಿಗೆಗಳ ವಿಷಯಕ್ಕೆ ಬರುವುದಾದರೆ, ರಾಣಿಯಾಗುವುದು ಬೇರೆ, ಒಳ್ಳೆಯ ರಾಣಿಯಾಗುವುದು ಬೇರೆ. ನೀವು ಎತ್ತಿದ ಪ್ರತಿ ಮರಿಗೂ ತಂದೆ ಯಾರೆಂದು ನಿಮಗೆ ಗೊತ್ತಿಲ್ಲ. ಆ ಮರಿ ರಾಣಿಯಾಗಿ ಹಾರಿ, ಊರಿನ ಯಾವ ಯಾವ ಗಂಡುಗಳ ಜೊತೆ ಕೂಡಿತೋ ಅದೂ ಗೊತ್ತಿಲ್ಲ. ಹೊಸ ಪೆಟ್ಟಿಗೆಯಲ್ಲಿ ನಿಮ್ಮನ್ನು ಚುಚ್ಚುವ ಕೆಲಸಗಾರ ನೊಣದಲ್ಲಿ ನಿಮ್ಮ ಪ್ರೀತಿಯ ರಾಣಿಯ ಪಾಲು ಸರಾಸರಿ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಗಂಡುಗಳದ್ದು.

ಹಳೇ ಪೆಟ್ಟಿಗೆ

ಕಾಲು ಭಾಗದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ, ಸರಿಯಾಗಿದೆ. ಹಾಗಿದ್ದರೆ ದಾರಿ ಇರುವುದು ಗಂಡುಗಳ ಕಡೆಯಿಂದ. ನಮ್ಮವರು ಗಂಡು ನೊಣ ದಂಡಪಿಂಡ, ಜೇನು ತಿಂದು ಮುಗಿಸುತ್ತದೆ ಎಂದು ಗಂಡು ಎರಿ ಕಂಡಲ್ಲೆಲ್ಲ ಚಾಕು ಹಾಕುತ್ತಾರೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಅದನ್ನು ಮಾಡಬೇಡಿ, ಕೆಟ್ಟ ಪೆಟ್ಟಿಗೆಗಳಲ್ಲಿ ಬೇಕಾದರೆ ಮಾಡಿ.

ತುಡುವೆ ತೋಟ

ಹಾಗಾದರೆ ಆ ಒಂದೇ ಒಳ್ಳೆಯ ಪೆಟ್ಟಿಗೆಯಿಂದ ರಾಣಿಯನ್ನೂ ಗಂಡನ್ನೂ ತೆಗೆದರೆ ಆಯಿತಲ್ಲ?

ಕಡಜದ ಗೂಡು

ಬೇಡ. ಜೇನಿನಲ್ಲಿ ಹೆಣ್ಣಾಗಲು ಲಿಂಗ ನಿರ್ಧರಿಸುವ ವಂಶವಾಹಿಯ ಎರಡು ಪ್ರತಿಗಳೂ ಬೇರೆ ಬೇರೆ ಇರಬೇಕು. ಒಂದೇ ಮನೆಯೊಳಗೆ ಕೂಡಿಸಿದರೆ ಎರಡೂ ಒಂದೇ ಆಗಿ, ಫಲಿತ ಮೊಟ್ಟೆಯಿಂದಲೂ ಗಂಡೇ ಹುಟ್ಟುತ್ತದೆ. ಅಂಥ ಮರಿಯನ್ನು ಕೆಲಸಗಾರರು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ತಿಂದು ಹಾಕುತ್ತವೆ. ಎರಿಯಲ್ಲಿ ಮರಿಗಳ ನಡುವೆ ಖಾಲಿ ಕೋಶಗಳು ಚುಕ್ಕಿಚುಕ್ಕಿಯಾಗಿ ಕಂಡರೆ ಅದೂ ಒಂದು ಕಾರಣವಾಗಿರಬಹುದು. ರಾಣಿ ಒಂದು ಪೆಟ್ಟಿಗೆಯದ್ದಾದರೆ ಗಂಡುಗಳು ಸಂಬಂಧವಿಲ್ಲದ ಬೇರೆ ನಾಲ್ಕೈದು ಒಳ್ಳೆಯ ಪೆಟ್ಟಿಗೆಗಳಿಂದ ಬರಲಿ. ಸಾಧ್ಯವಾದರೆ ನೆರೆಯ ಸಾಕಣೆಗಾರರನ್ನೂ ಸೇರಿಸಿಕೊಳ್ಳಿ. ರಾಣಿ ಕೂಡುವುದು ಆಕಾಶದಲ್ಲಿ, ಅದಕ್ಕೆ ನಿಮ್ಮ ಬೇಲಿ ಲೆಕ್ಕಕ್ಕಿಲ್ಲ.

ತುಡುವೆ ತೋಟ

ಪಕ್ಕದ ತೋಟದವರಿಗೆ ಹೇಳಿ ನೋಡುತ್ತೇನೆ, ಅವರ ಪೆಟ್ಟಿಗೆಗಳೂ ಪರವಾಗಿಲ್ಲ. ಮರಿ ಎತ್ತುವುದನ್ನು ಯಾವಾಗ ಶುರು ಮಾಡಲಿ?

ಹಳೇ ಪೆಟ್ಟಿಗೆ

ಗಂಡು ಹೊರಬರಲು ಮೊಟ್ಟೆಯಿಂದ 24 ದಿನ, ಬಂದ ಮೇಲೆ ಬಲಿಯಲು ಇನ್ನೂ ವಾರಕ್ಕಿಂತ ಹೆಚ್ಚು ಬೇಕು. ರಾಣಿ ಅದಕ್ಕಿಂತ ಬೇಗ ಸಿದ್ಧವಾಗುತ್ತದೆ. ಹಾಗಾಗಿ ಗಂಡು ಕೋಶಗಳಿಗೆ ಟೊಪ್ಪಿ (ಮೇಣದ ಮುಚ್ಚಳ) ಬಿದ್ದಿರುವುದನ್ನು ನೋಡಿಕೊಂಡು ಮರಿ ಎತ್ತಿ. ತುಡುವೆಯಲ್ಲಿ ಗುರುತು ಸುಲಭ: ಗಂಡು ಕೋಶದ ಟೊಪ್ಪಿ ಉಬ್ಬಿರುತ್ತದೆ, ನಡುವೆ ಸೂಜಿಯಲ್ಲಿ ಚುಚ್ಚಿದಷ್ಟು ತೂತಿರುತ್ತದೆ. ಪಕ್ಕದ ತೋಟದವರ ಪೆಟ್ಟಿಗೆಗಳಲ್ಲೂ ಅದೇ ವಾರ ನೋಡಿ. ಅಲ್ಲಿ ಇನ್ನೂ ಟೊಪ್ಪಿ ಬಿದ್ದಿಲ್ಲವಾದರೆ ಕಾಯಿರಿ.